ಆಯುಧ ಪೂಜೆಯ ದಿನ ಕರೆಂಟು ಕೊಟ್ಟವರು ಯಾರು?

ಸ್ವಲ್ಪ ತಡೆಯಿರಿ, ಕುಂಬಳಕಾಯಿ ಬರುತ್ತದೆ. ಅದು ಬರುವವರೆಗೆ ಎದ್ದು ಹೋಗಬೇಡಿ. ನಾನು ಹೇಳಲು ಹೊರಟಿರುವುದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಕೆಲಸದ ಜಾಗದಲ್ಲೇ ಕೈಕಾಲು ಕಳೆದುಕೊಂಡವರ ವಿಷಯ. ಆದರೆ ಅದು ನನಗೆ ನಿಜವಾಗಿ ಅರ್ಥವಾದದ್ದು ವಿಜಯವಾಡದ ಆಟೋನಗರ್‌ನ ಒಂದು ತಗಡಿನ ಶೆಡ್ಡಿನಿಂದ, ಒಂದು ಬೂದುಗುಂಬಳಕಾಯಿಯ ದೆಸೆಯಿಂದ.

ಆಗ ನಾನು ವಿಶಾಖಪಟ್ಟಣದಲ್ಲಿದ್ದೆ. ದುವ್ವಾಡದ ರಫ್ತು ವಲಯದೊಳಗೆ ಒಂದು ಔಷಧಿ ಕಂಪನಿ, ಅದರ ಲ್ಯಾಬಿನಲ್ಲಿ ನಾನು ಟ್ರೈನಿ. ಊರು ಪಾವಗಡದ ಹತ್ತಿರ. ನಮ್ಮ ಸಂತೆಯಲ್ಲಿ ಅರ್ಧ ಮಾತು ತೆಲುಗೇ ಆದ್ದರಿಂದ ಭಾಷೆಯ ಭಯವಿರಲಿಲ್ಲ. ಭಯವಿದ್ದದ್ದು ಕೆಲಸದ ಬಗ್ಗೆ. ಬಿಸಿನೀರಿನ ಪಾತ್ರೆಗಳಲ್ಲಿ ಮಾತ್ರೆಗಳು ಕರಗುವುದನ್ನು ನೋಡುತ್ತ ನಿಂತಿರಬೇಕು. ನನಗೋ ನಿಂತಲ್ಲಿ ನಿಲ್ಲಲು ಬರುವುದಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಗಡಿಯಾರ ನೋಡುತ್ತ, ಮತ್ತೆ ಮಾತ್ರೆ ನೋಡುತ್ತ ದಿನ ಕಳೆಯುತ್ತಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೊಂದು ಸುರಕ್ಷತೆಯ ಪಾಠವಿತ್ತು. ಪಾಠ ಹೇಳುವವರು ಪರದೆಯ ಮೇಲೆ ಒಂದು ಹಳೆಯ ಚಿತ್ರ ತೋರಿಸಿದರು. ಇಂಗ್ಲೆಂಡಿನ ಹತ್ತಿ ಗಿರಣಿ, ಮೇಲಿಂದ ಇಳಿದ ಚರ್ಮದ ಪಟ್ಟಿಗಳು, ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ‘ಆಗ ಸೇಫ್ಟಿ ಅನ್ನುವುದೇ ಇರಲಿಲ್ಲ’ ಎಂದು ಮುಂದಿನ ಚಿತ್ರಕ್ಕೆ ಹೋಗಿಬಿಟ್ಟರು. ನನ್ನ ತಲೆ ಮಾತ್ರ ಹಿಂದಿನ ಚಿತ್ರದಲ್ಲೇ ಸಿಕ್ಕಿಕೊಂಡಿತು. ಆ ಪಟ್ಟಿಗೆ ಅವಳ ಸೀರೆ, ಅಲ್ಲ, ಅವಳ ಲಂಗ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು? ಮರುದಿನ ಅವಳ ಮನೆಯಲ್ಲಿ ಒಲೆ ಯಾರು ಹಚ್ಚುತ್ತಿದ್ದರು?

ಕೇಳಲು ಯಾರೂ ಇರಲಿಲ್ಲ. ಕೂರ್ಮನ್ನಪಾಲೆಂನ ಇಂಟರ್ನೆಟ್ ಸೆಂಟರಿನಲ್ಲಿ ಗಂಟೆ ಲೆಕ್ಕದ ಕಂಪ್ಯೂಟರ್ ಮುಂದೆ ಕೂತೆ. ಕಾಲೇಜಿನಲ್ಲಿ ಓದಿದ್ದು ಕೆಮಿಸ್ಟ್ರಿ. ಚರಿತ್ರೆಯೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಡಿಕ್ಷನರಿ ತೊಡೆಯ ಮೇಲೆ. ಒಂದು ಪುಟ ತೆರೆಯುವಷ್ಟರಲ್ಲಿ ಪಕ್ಕದವನು ಒಂದು ಇಡೀ ಮದುವೆ ಸಂಬಂಧ ನೋಡಿ ಮುಗಿಸುತ್ತಿದ್ದ. ಆದರೂ ಬಿಡಲಿಲ್ಲ.

ಒಂದು ಮೊಕದ್ದಮೆ ಸಿಕ್ಕಿತು. ರಾಣಿ ಪಟ್ಟಕ್ಕೆ ಬಂದ ವರ್ಷದ್ದೇ. ಒಬ್ಬ ಮಾಂಸದಂಗಡಿಯ ಆಳು, ಯಜಮಾನ ಹೇಳಿದನೆಂದು ಗಾಡಿ ಹತ್ತಿದ. ಗಾಡಿಗೆ ಹೊರೆ ಹೆಚ್ಚಾಗಿತ್ತು, ಮುರಿಯಿತು, ಆಳಿನ ತೊಡೆಯ ಮೂಳೆಯೂ ಮುರಿಯಿತು. ನ್ಯಾಯಾಧೀಶರು ಏನು ಯೋಚಿಸಿದರು ಗೊತ್ತಾ? ಇವನಿಗೆ ಪರಿಹಾರ ಕೊಡಿಸಿದರೆ ನಾಳೆ ಮನೆಯಾಳು ಒಬ್ಬ ಬಂದು, ಕೆಲಸದವಳು ನನ್ನನ್ನು ಒದ್ದೆ ಹಾಸಿಗೆಯಲ್ಲಿ ಮಲಗಿಸಿದಳು, ನೆಗಡಿಯಾಯಿತು, ಯಜಮಾನ ಪರಿಹಾರ ಕೊಡಲಿ ಅನ್ನಬಹುದಲ್ಲ! ತೊಡೆ ಮುರಿದವನ ಮುಂದೆ ನೆಗಡಿಯ ಮಾತು. ನಾನು ಸೆಂಟರಿನಲ್ಲೇ ಜೋರಾಗಿ ‘ಥೂ’ ಅಂದುಬಿಟ್ಟೆ.

ಆಮೇಲೆ ಇಂಥ ನೆಪಗಳನ್ನು ಹುಡುಕುವುದೇ ನನ್ನ ಹುಚ್ಚಾಯಿತು. ಅಪಾಯವಿದೆ ಎಂದು ಗೊತ್ತಿದ್ದೇ ಕೆಲಸಕ್ಕೆ ಬಂದೆಯಲ್ಲ, ಈಗ ಅತ್ತರೆ ಹೇಗೆ ಅನ್ನುವುದು ಒಂದು. ನಿನ್ನ ಅಜಾಗ್ರತೆಯೂ ಇತ್ತಲ್ಲ ಅನ್ನುವುದು ಮತ್ತೊಂದು. ನನ್ನನ್ನು ತುಂಬ ಕಾಡಿದ್ದು ಇನ್ನೊಂದು: ಗಾಯವಾದದ್ದು ಜೊತೆಯ ಕೆಲಸಗಾರನ ತಪ್ಪಿನಿಂದ, ಹಾಗಾಗಿ ಯಜಮಾನನಿಗೆ ಸಂಬಂಧವಿಲ್ಲ. ಅಂದರೆ ಗಾಯಗೊಂಡವನು ಇದ್ದದ್ದನ್ನು ಇದ್ದ ಹಾಗೆ ಹೇಳಿ ಗೆಳೆಯನ ಕಡೆ ಬೆರಳು ತೋರಿಸಿದರೆ, ಅಲ್ಲಿಗೆ ಅವನ ಮೊಕದ್ದಮೆಯೇ ಮುಗಿಯಿತು.

ಇದೆಲ್ಲ ಯಾವುದೋ ಕಾಲದ್ದು, ಯಾವುದೋ ದೇಶದ್ದು. ನಾನು ಹಾಗೇ ತಿಳಿದಿದ್ದೆ.

ಆ ವರ್ಷ ದಸರಾ ಮುಗಿದ ಮರುದಿನ ಹಾಸ್ಟೆಲಿಗೆ ಅಕ್ಕನ ಫೋನು. ಅಕ್ಕ ಮತ್ತು ಭಾವ ವಿಜಯವಾಡದಲ್ಲಿದ್ದರು. ಭಾವ ಆಟೋನಗರ್‌ನಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ, ತಗಡು ಕತ್ತರಿಸುವ ಮಿಷನ್ನಿನ ಮೇಲೆ ಕೆಲಸಕ್ಕಿದ್ದರು.

“ನಿಮ್ ಭಾವನ ಬಲಗೈ...” ಎಂದು ಅಕ್ಕ ಅಷ್ಟಕ್ಕೇ ನಿಲ್ಲಿಸಿದಳು. “ಬಂದ್ಬಿಡು. ರಜಾ ಕೊಡ್ದಿದ್ರೂ ಬಂದ್ಬಿಡು.”

ಮಧ್ಯಾಹ್ನದ ರೈಲು ಹತ್ತಿದೆ. ತುನಿ ದಾಟಿತು, ಸಾಮರ್ಲಕೋಟ ದಾಟಿತು, ನನಗೆ ಕೂರಲು ಜಾಗ ಸಿಕ್ಕರೂ ಕೂರಲಾಗಲಿಲ್ಲ. ಬಾಗಿಲ ಬಳಿ, ಬೇಸಿನ್ನಿನ ಬಳಿ, ಮತ್ತೆ ಬಾಗಿಲ ಬಳಿ. ಗೋದಾವರಿಯ ಮೇಲೆ ರೈಲು ಹೋಗುವಾಗ ಎಲ್ಲರೂ ನಾಣ್ಯ ಎಸೆದು ಕೈಮುಗಿದರು. ನಾನು ಆ ಮುಗಿದ ಕೈಗಳ ಬೆರಳುಗಳನ್ನೇ ನೋಡುತ್ತಿದ್ದೆ.

ಭಾವ ಮಂಚದ ಮೇಲೆ ಕೂತಿದ್ದರು. ಬಲಗೈ ಒಂದು ದೊಡ್ಡ ಬಿಳಿ ಗಂಟು.

“ಬಂದ್ಯಾ? ಇವತ್ತು ನಿನ್ ಮಾತ್ರೆಗಳ್ನ ಯಾರು ಕರಗಿಸ್ತಾರೆ?”

“ಭಾವಾ, ಏನಾಯ್ತು?”

“ಎರಡು ಬೆರಳು ಹೋಯ್ತು. ಕಿರುಬೆರಳು, ಉಂಗುರದ ಬೆರಳು. ನಿಮ್ಮಪ್ಪ ಮದ್ವೇಲಿ ಹಾಕಿದ್ ಉಂಗುರ ಹೋದ್ವರ್ಷಾನೇ ಟೈಟ್ ಆಯ್ತು ಅಂತ ಬಿಚ್ಚಿಟ್ಟಿದ್ದೆ. ಅದೊಂದು ಉಳೀತು ನೋಡು.”

“ನಗ್ಬೇಡ್ರೀ” ಎಂದು ಅಕ್ಕ ಒಳಗಿನಿಂದ ಕೂಗಿದಳು. “ಇವರ ನಗು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.”

ಈಗ ಕುಂಬಳಕಾಯಿ. ಆ ಶೆಡ್ಡಿನಲ್ಲಿ ಒಂದು ಪದ್ಧತಿ. ಆಯುಧ ಪೂಜೆಯ ದಿನ ಮಿಷನ್‌ಗಳನ್ನು ಸೀಮೆಎಣ್ಣೆ ಹಾಕಿ ಒರೆಸಿ, ಬಣ್ಣ ಬಳಿದು, ಅರಿಶಿನ ಕುಂಕುಮ ಇಡುತ್ತಾರೆ. ಎಲ್ಲರೂ ಚಪ್ಪಲಿ, ಬೂಟು ಹೊರಗೆ ಬಿಟ್ಟು ಬರಿಗಾಲಲ್ಲಿ ಇರಬೇಕು. ಎಲ್ಲ ಕಡೆ ಕುಂಬಳಕಾಯಿಯನ್ನು ನೆಲಕ್ಕೆ ಒಡೆದರೆ ಇಲ್ಲಿ ತಗಡು ಕತ್ತರಿಸುವ ಮಿಷನ್ನಿನ ಬ್ಲೇಡಿಗೇ ಕೊಡುತ್ತಿದ್ದರು. ವರ್ಷದ ಮೊದಲ ಕತ್ತರಿ ದೇವಿಯ ಹೆಸರಲ್ಲಿ ಬೀಳಬೇಕು ಎಂದು. ಕಾಯಿ ಹಿಡಿಸಬೇಕಲ್ಲ, ಅದಕ್ಕೆ ಬ್ಲೇಡಿನ ಮುಂದಿನ ಕಬ್ಬಿಣದ ಜಾಲರಿ ಬಿಚ್ಚಬೇಕು. ಕೈ ಒಳಗೆ ಹೋಗದಿರಲಿ ಎಂದು ಇರುವುದೇ ಆ ಜಾಲರಿ. ಕೆಳಗಿನ ಪೆಡಲ್ ತುಳಿದರೆ ಬ್ಲೇಡು ಇಳಿಯುತ್ತದೆ.

“ಕಾಯಿ ಇಟ್ಟೆ, ಸರಿಯಾಗಿ ಕೂತಿರ್ಲಿಲ್ಲ” ಎಂದರು ಭಾವ. “ಕೈ ಹಾಕಿ ತಿರುಗಿಸ್ತಾ ಇದ್ದೆ. ಪುರೋಹಿತರು ಗಂಟೆ ಹೊಡೀತಾ ಇದ್ರು. ಆಚೆ ತಮಟೆ. ಓನರು ಹಿಂದಿಂದ ‘ಕಾನಿವ್ವಂಡಿ, ಮುಹೂರ್ತಂ ದಾಟಿಪೋತೋಂದಿ’ ಅಂತ ಕೂಗಿದ್ರು.” ನಡೆಯಲಿ, ಮುಹೂರ್ತ ಮೀರುತ್ತಿದೆ ಎಂದು.

“ಆಮೇಲೆ?”

“ಆಮೇಲೆ ಬ್ಲೇಡ್ ಬಿತ್ತು.”

“ಪೆಡಲ್ ತುಳಿದಿದ್ದು ಯಾರು?”

ಭಾವ ಗೋಡೆ ನೋಡಿದರು. ಅಕ್ಕನೇ ಹೇಳಿದಳು. “ಬಾಬಾಯಿ.”

ಬಾಬಾಯಿ ಅಂದರೆ ತೆಲುಗಿನಲ್ಲಿ ಚಿಕ್ಕಪ್ಪ. ಭಾವನ ಜೊತೆ ಅದೇ ಮಿಷನ್ನಿಗೆ ನಿಲ್ಲುವ ಹಿರಿಯ ಕೆಲಸಗಾರರನ್ನು ಶೆಡ್ಡಿನಲ್ಲೆಲ್ಲ ಹಾಗೇ ಕರೆಯುವುದು. ಅಕ್ಕ ಭಾವ ವಿಜಯವಾಡಕ್ಕೆ ಬಂದಾಗ ಮನೆ ಹುಡುಕಿಕೊಟ್ಟವರು, ಅಕ್ಕನ ಬಾಣಂತನದಲ್ಲಿ ಹೆಂಡತಿಯನ್ನು ಕಳಿಸಿಕೊಟ್ಟವರು ಅವರೇ.

ನಾನಿದ್ದಾಗಲೇ ಓನರು ಬಂದರು. ಕೈಯಲ್ಲಿ ಹಣ್ಣು, ಹಬ್ಬಕ್ಕೆ ಎಲ್ಲರಿಗೂ ಕೊಡುವ ಹೊಸ ಬಟ್ಟೆ. ಮನುಷ್ಯ ಒರಟಲ್ಲ. ಭಾವನ ಭುಜ ಹಿಡಿದು ಕಣ್ಣಲ್ಲಿ ನೀರೂ ತಂದುಕೊಂಡರು. ಭಾವನಿಗೆ ಬೇಕಿದ್ದದ್ದು ಒಂದೇ. ಕೈ ಮಾಗಿದ ಮೇಲೆ ಶೆಡ್ಡಿನಲ್ಲಿ ತನ್ನ ಜಾಗ. ಮಿಷನ್ ಆಗದಿದ್ದರೆ ಎಲ್ಲಿ ಕತ್ತರಿಸಬೇಕೆಂದು ತಗಡಿಗೆ ಗುರುತು ಹಾಕುವ ಕೆಲಸವಾದರೂ ಸರಿ. ಅದನ್ನು ಕೇಳಿದರು.

ಓನರು ನಿಟ್ಟುಸಿರು ಬಿಟ್ಟರು. ಪೂಜೆಯಲ್ಲಿ ರಕ್ತ ಬಿದ್ದಿದೆ, ಶೆಡ್ಡಿನ ಹುಡುಗರು ಹೆದರಿದ್ದಾರೆ, ನಿನ್ನನ್ನು ನೋಡಿದರೆ ಅದೇ ನೆನಪು, ಸ್ವಲ್ಪ ಕಾಲ ಹೋಗಲಿ ಎಂದರು. ಇದು ಕೆಲಸದಲ್ಲಿ ಆದ ಅಪಘಾತ, ಅದಕ್ಕೆ ಕಾನೂನು ಇದೆ ಎಂದು ನಾನು ಬಾಯಿ ಹಾಕಿದೆ.

“ಪಂಡಗ ರೋಜು ಪನಿ ಏಮಿಟಮ್ಮಾ?” ಎಂದು ಅವರು ನನ್ನ ಕಡೆ ತಿರುಗಿದರು. ಹಬ್ಬದ ದಿನ ಕೆಲಸ ಎಲ್ಲಿಂದ ಬಂತು? ಶೆಡ್ಡಿಗೆ ರಜೆ, ಇವರೆಲ್ಲ ಮನೆಯವರ ಹಾಗೆ ಪೂಜೆಗೆ ಬಂದಿದ್ದರು. ಜಾಲರಿ ಬಿಚ್ಚಿದ್ದು ಇವನ ಕೈ. ತುಳಿದದ್ದು ಬಾಬಾಯಿಯ ಕಾಲು.

ಇಂಟರ್ನೆಟ್ ಸೆಂಟರಿನಲ್ಲಿ ಓದಿದ್ದ ನೆಪಗಳು ಒಂದೊಂದಾಗಿ ಅಕ್ಕನ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಾತಾಡುತ್ತಿದ್ದವು.

ಅವರು ಹೋದ ಮೇಲೆ ಅಕ್ಕ ಪಾತ್ರೆ ಕುಕ್ಕಿದಳು. “ಹಬ್ಬದ ದಿನ ಕೆಲ್ಸ ಇಲ್ಲ ಅಂದ್ರೆ, ಹೋದ್ವರ್ಷ ಜ್ವರ ಅಂತ ಪೂಜೆಗೆ ಹೋಗ್ದೇ ಇದ್ದಿದ್ಕೆ ಎಲ್ರ ಮುಂದೆ ಬೈದಿದ್ಯಾಕಂತೆ?”

“ಕಂಪ್ಲೇಂಟ್ ಕೊಡೋಣ ಭಾವಾ” ಎಂದೆ.

“ಬೇಡ.”

“ಯಾಕೆ?”

“ಕೊಟ್ರೆ ಮೊದ್ಲು ಸಿಕ್ಕಾಕ್ಕೊಳೋದು ಬಾಬಾಯಿ ಅಂತ ಓನರೇ ಹೇಳಿದ್ದಾರೆ. ಪೊಲೀಸ್ರು ಕರ್ಕೊಂಡೋಗ್ತಾರಂತೆ. ನನ್ ಬೆರಳು ಹೋಗಿದೆ, ಅವರ ಸಂಸಾರ ಯಾಕೆ ಹೋಗ್ಬೇಕು? ನೀನು ಸುಮ್ನಿರು ತಾಯಿ.”

ವಿಶಾಖಪಟ್ಟಣಕ್ಕೆ ವಾಪಸು ಬಂದೆ, ಆದರೆ ಮನಸ್ಸು ಬರಲಿಲ್ಲ. ಲ್ಯಾಬಿನಲ್ಲಿ ಪಾತ್ರೆಗಳ ಒಳಗೆ ಕೋಲು ತಿರುಗುವುದನ್ನು ನೋಡಿದರೆ ಬ್ಲೇಡು. ಮೆಸ್ಸಿನಲ್ಲಿ ಯಾರೋ ಕುಂಬಳಕಾಯಿ ಹುಳಿ ಬಡಿಸಿದರು, ತಟ್ಟೆ ಬಿಟ್ಟು ಎದ್ದೆ. ಸಂಜೆಯಾದರೆ ಸೆಂಟರಿಗೆ ಓಟ. ಈಗ ಹುಚ್ಚಿಗೆ ಓದುತ್ತಿರಲಿಲ್ಲ, ಒಂದೇ ಪ್ರಶ್ನೆಗೆ ಓದುತ್ತಿದ್ದೆ. ಜೊತೆಯವನ ತಪ್ಪು ಅನ್ನುವ ಆ ನೆಪ ಈಗಲೂ ಬದುಕಿದೆಯೇ?

ಕೆಟ್ಟ ನೆಪ ಬೇಗ ಸಾಯಲಿಲ್ಲ. ರಾಣಿಯ ಆಳ್ವಿಕೆ ಮುಗಿಯುವ ಹೊತ್ತಿಗೆ ಅಲ್ಲಿ ಬೇರೆ ಕಾನೂನು ಬಂತು, ಕೆಲವು ಕೆಲಸಗಳಲ್ಲಿ ಗಾಯವಾದರೆ ತಪ್ಪು ಯಾರದೆಂದು ನೋಡದೆ ಪರಿಹಾರ ಎಂದು. ಬಹಳ ವರ್ಷಗಳ ನಂತರ ನಮ್ಮ ದೇಶಕ್ಕೂ ಅಂಥದ್ದೇ ಬಂತು. ಅದನ್ನು ಡಿಕ್ಷನರಿ ಇಟ್ಟುಕೊಂಡು ಮೇಲಿಂದ ಕೆಳಗೆ ಓದಿದೆ. ಕೆಲಸದ ಸಂಬಂಧದಲ್ಲಿ, ಕೆಲಸದ ಹೊತ್ತಿನಲ್ಲಿ ಗಾಯವಾಗಿರಬೇಕು. ಬೇಕೆಂದೇ ಜಾಲರಿ ಬಿಚ್ಚಿರಬಾರದು. ಜೊತೆಯವನ ಕಾಲಿನ ಮಾತೇ ಇಲ್ಲ! ಓನರು ಹೆದರಿಸುತ್ತಿದ್ದದ್ದು ಸತ್ತುಹೋದ ನೆಪದಿಂದ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮತ್ತೆ ರೈಲು. ಭಾವನ ಕೈಗೆ ಡ್ರೆಸಿಂಗ್ ಮಾಡುತ್ತಿದ್ದದ್ದು ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ನಾನೂ ಜೊತೆಗೆ ಹೋದೆ. ಭಾವ ಒಳಗೆ ಹೋದರು, ನಾನು ಕೂರಲಾಗದೆ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತಿದ್ದೆ. ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ಒಬ್ಬರು ನಿಂತಿದ್ದರು. ಕುಡಿಯುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿದ್ದರು. ಬಾಬಾಯಿ!

ನನ್ನನ್ನು ಕಂಡದ್ದೇ ತಿರುಗಿ ನಡೆದರು. ನಾನು ರಸ್ತೆಗೆ ಇಳಿದೇಬಿಟ್ಟೆ. ಬೆಂಜ್ ಸರ್ಕಲ್ ದಾಟಿದವರಿಗೆ ಗೊತ್ತು, ಅಲ್ಲಿ ಬಸ್ಸು ನಿಲ್ಲುವುದಿಲ್ಲ, ಆಟೋ ನಿಲ್ಲುವುದಿಲ್ಲ, ದೇವರೇ ನಿಲ್ಲಿಸಬೇಕು. “ಬಾಬಾಯಿ! ಬಾಬಾಯಿ!” ಎಂದು ಕೂಗುತ್ತ ಓಡಿದೆ. ನನ್ನ ಗಲಾಟೆಗೆ ಯಾರೋ ಚಿನ್ನ ಕಿತ್ತುಕೊಂಡರು ಎಂದುಕೊಂಡು ಒಬ್ಬ ಆಟೋದವನು ಅವರಿಗೆ ಅಡ್ಡ ಹಾಕಿದ. ಹಾಗೆ ಸಿಕ್ಕಿದರು.

ಮಾತಾಡಿದ್ದು ತೆಲುಗಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪ್ರತಿ ಸಲ ಬರ್ತೀರಾ ಬಾಬಾಯಿ?”

“ಕೈ ಹೇಗಿದೆ ಅಂತ ನೋಡ್ಬೇಕಲ್ಲಮ್ಮಾ.”

“ಇಲ್ಲಿಂದ ಕೈ ಕಾಣುತ್ತಾ?”

“ಬಿಳಿ ಗಂಟು ಕಾಣುತ್ತೆ. ಸಲ ಸಲಕ್ಕೂ ಚಿಕ್ಕದಾಗ್ತಾ ಇದೆ.” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ತುಳಿದಿದ್ದು ನಾನೇ. ಅವನ ಎದುರು ಯಾವ ಮುಖ ಇಟ್ಕೊಂಡು ಬರ್ಲಿ?”

“ನೀವಾಗೇ ತುಳಿದ್ರಾ?”

“ಓನರು ಕಾನಿವ್ವಂಡಿ ಅಂದ್ರು. ನಂಗೆ ಅನ್ನಿಸ್ತು, ಕಾಯಿ ಇಟ್ಟಾಗಿದೆ ಅಂತ. ಪೆಡಲ್ ತುಂಬ ಅರಿಶಿನದ ನೀರು, ಬರಿಗಾಲು, ಮೆತ್ತಗೆ ತುಳಿಯೋಣ ಅಂದ್ರೆ ಜಾರಿ ಪೂರ್ತಿ ಇಳೀತು.”

“ಜಾಲರಿ?”

“ಕುಂಕುಮದ ಬೊಟ್ಟು ಬ್ಲೇಡಿಗೇ ಇಡ್ಬೇಕು, ಕಾಯೀನೂ ಹಿಡಿಸ್ಬೇಕು, ಬಿಚ್ಚಿ ಅಂತ ಓನರು ಹಿಂದಿನ ದಿನಾನೇ ಹೇಳಿದ್ರು. ಪ್ರತಿ ವರ್ಷ ಹೇಳ್ತಾರೆ.”

ಅಷ್ಟರಲ್ಲಿ ನನಗೊಂದು ಹೊಳೆಯಿತು. ಮಿಷನ್ ತಾನಾಗಿ ಓಡುವುದಿಲ್ಲವಲ್ಲ!

“ಬಾಬಾಯಿ, ರಜೆ ದಿನ ಶೆಡ್ಡಿಗೆ ಕರೆಂಟು ಎಲ್ಲಿಂದ ಬಂತು?”

ಇದೇನು ಪ್ರಶ್ನೆ ಎಂಬಂತೆ ನನ್ನನ್ನು ನೋಡಿದರು. “ಓನರೇ ಕೊಡೋದು. ಹಬ್ಬದ ದಿನ ಮೊದಲ ಕರೆಂಟು ಅವರ ಕೈಯಿಂದಾನೇ ಬರ್ಬೇಕು, ಅದು ಪದ್ಧತಿ. ಮಂಗಳಾರತಿ ಆದ್ಮೇಲೆ ಮೇನ್ ಸ್ವಿಚ್ಚಿಗೆ ಹೂವು ಹಾಕಿ, ಅವರೇ ಎಳೀತಾರೆ. ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ನಾನು ಫುಟ್‌ಪಾತಿನಲ್ಲೇ ಹಾರಿಬಿಟ್ಟೆ. ಕಬ್ಬಿನ ಹಾಲಿನವನು ಹೆದರಿ ಗ್ಲಾಸು ಹಿಂದಕ್ಕೆಳೆದುಕೊಂಡ.

ಆಮೇಲೆ ಅಲ್ಲೇ ನಿಂತು ಮಾಂಸದಂಗಡಿಯ ಆಳಿನ ಕಥೆ, ಒದ್ದೆ ಹಾಸಿಗೆಯ ಕಥೆ, ಎಲ್ಲ ಹೇಳಿದೆ. ಆ ಕಾಲದ ಇಂಗ್ಲೆಂಡಿನಲ್ಲಿ ನಿಮ್ಮ ಕಾಲಿನ ಹೆಸರು ಹೇಳಿ ಯಜಮಾನ ಪಾರಾಗುತ್ತಿದ್ದ, ಇಲ್ಲಿ ಹಾಗಿಲ್ಲ, ನೀವು ತುಳಿದದ್ದನ್ನು ನೀವೇ ಹೇಳಿದರೆ ಭಾವನಿಗೆ ಅದರಿಂದ ನಷ್ಟವಿಲ್ಲ, ಲಾಭವೇ ಎಂದೆ.

ಬಾಬಾಯಿ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಹಂಗಾದ್ರೆ ನಾನು ಆ ದೇಶದಲ್ಲಿ ಹುಟ್ಟಿದ್ರೆ, ತುಳಿದಿದ್ದಕ್ಕೆ ಓನರು ನಂಗೆ ಹಾರ ಹಾಕ್ತಿದ್ರು ಅನ್ನು.”

“ಹಾಕಿ, ಮಾರನೇ ದಿನ ಕೆಲಸದಿಂದ ತೆಗೀತಿದ್ರು.”

“ಅದು ಇಲ್ಲೂ ಆಗುತ್ತಮ್ಮಾ” ಎಂದರು.

ರಸ್ತೆ ದಾಟಿಸಿ ಕರೆದುಕೊಂಡು ಬಂದೆ. ಭಾವ ಆಗಷ್ಟೇ ಹೊರಗೆ ಬಂದಿದ್ದರು. ಬಾಬಾಯಿಯನ್ನು ಕಂಡು ಎಡಗೈ ಚಾಚಿ, “ಬೀಡಿ ಕೊಡಿ ಬಾಬಾಯಿ, ಹಚ್ಚೋಕೂ ನೀವೇ ಬೇಕು ಈಗ” ಎಂದರು. ಬಾಬಾಯಿ ಗೀಚಿದ ಮೊದಲ ಬೆಂಕಿಕಡ್ಡಿ ಆರಿತು. ಇನ್ನೊಂದು ಗೀಚಿದರು.

ಭಾವ ಕೊನೆಗೂ ದೂರು ಕೊಟ್ಟರು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಭಾವ, ಓನರು ಇಬ್ಬರನ್ನೂ ಎದುರುಬದುರು ಕೂರಿಸಿದ ದಿನ ನಾನು ಹೊರಗೆ ನಿಲ್ಲಬೇಕಿತ್ತು, ಕಿಟಕಿಗೆ ಮುಖ ಒತ್ತಿ ಒಳಗೇ ಇದ್ದೆ ಅನ್ನಿ. ಓನರು ಅದೇ ಹೇಳಿದರು. ರಜೆ, ಪೂಜೆ, ಜಾಲರಿ, ಬಾಬಾಯಿ. ಅಧಿಕಾರಿ ಭಾವನನ್ನು ಕೇಳಿದರು, ಪೆಡಲ್ ತುಳಿದವರು ಯಾರು ಎಂದು. ಭಾವ ಅಷ್ಟೆಲ್ಲ ಕೇಳಿಸಿಕೊಂಡಿದ್ದರೂ ಬಾಯಿ ಬಿಡಲಿಲ್ಲ. ನನಗೆ ಗಾಜು ಒಡೆಯಬೇಕೆನ್ನಿಸಿತು. ಆಗ ಹಿಂದಿನ ಬೆಂಚಿನಿಂದ ಬಾಬಾಯಿ ಎದ್ದರು.

“ನೇನೇ ತೊಕ್ಕಾನಂಡಿ.” ನಾನೇ ತುಳಿದೆ. ಆಮೇಲೆ ಬೆಂಜ್ ಸರ್ಕಲ್‌ನಲ್ಲಿ ಹೇಳಿದ್ದನ್ನೇ ಹೇಳಿದರು. ಯಾರು ಜಾಲರಿ ಬಿಚ್ಚಲು ಹೇಳಿದರು, ಯಾರು ಕೂಗಿದರು, ಯಾರ ಕೈಯಿಂದ ಕರೆಂಟು ಬಂತು.

ಅಧಿಕಾರಿ ಓನರ ಕಡೆ ತಿರುಗಿದರು. “ರಜೆ ಅಂದ್ರಿ. ಸ್ವಿಚ್ ಹಾಕಿದ್ದು ನೀವೇನಾ?”

“ಅದು ಸಂಪ್ರದಾಯಂ ಸಾರ್.”

“ಸಂಪ್ರದಾಯದ ಕರೆಂಟು, ಕೆಲಸದ ಕರೆಂಟು ಅಂತ ಮಿಷನ್‌ಗೆ ಬೇರೆ ಬೇರೆ ತಂತಿ ಇದೆಯಾ?”

ಕೆಲಸದಲ್ಲಿ ಆದ ಅಪಘಾತವೆಂದೇ ದಾಖಲಾಯಿತು. ಪರಿಹಾರವೂ ಆಮೇಲೆ ಬಂತು, ಎಳೆದೂ ಎಳೆದೂ.

ಆದರೆ ಬಾಬಾಯಿ ಹೇಳಿದ್ದು ನಿಜವಾಯಿತು. ಮರುದಿನ ಅವರಿಗೆ ಶೆಡ್ಡಿನಲ್ಲಿ ಕೆಲಸವಿರಲಿಲ್ಲ. ಎರಡು ಬೀದಿ ಆಚೆ ಬೇರೆ ಕಡೆ ದಿನಗೂಲಿಗೆ ಹೋದರು. ನನ್ನಿಂದಲೇ ಅವರ ಕೆಲಸ ಹೋಯಿತೆಂದು ಅಕ್ಕ ನನ್ನ ಜೊತೆ ಮಾತು ನಿಲ್ಲಿಸಿದಳು. ನಾನು ದುವ್ವಾಡದಲ್ಲಿ ಫೋನಿನ ಡಬ್ಬಿಗೆ ನಾಣ್ಯ ಹಾಕುತ್ತಲೇ ಇದ್ದೆ, ಭಾವ ‘ಹೂಂ, ಹೂಂ’ ಅನ್ನುತ್ತಲೇ ಇದ್ದರು. ಕಡೆಗೆ ಸರಿಯಾಗಿ ಗುರುತು ಹಾಕುವವರಿಲ್ಲದೆ ತಗಡು ವ್ಯರ್ಥವಾಗತೊಡಗಿ, ಓನರೇ ಭಾವನಿಗೆ ಹೇಳಿಕಳಿಸಿದರು. ಭಾವ ಬಂದವನ ಕೈಯಲ್ಲೇ ಉತ್ತರ ಕಳಿಸಿದರಂತೆ: “ಬಾಬಾಯಿ ಬಂದ್ರೆ ನಾನೂ ಬರ್ತೀನಿ. ಗುರುತು ಹಾಕೋನೊಬ್ಬ ಸಾಲ್ದು, ತುಳಿಯೋರೂ ಬೇಕಲ್ಲ.” ಸಂಕ್ರಾಂತಿಗೆ ಮುಂಚೆ ಇಬ್ಬರೂ ಮತ್ತೆ ಶೆಡ್ಡಿಗೆ ಕೆಲಸಕ್ಕೆ ಹೋದರು.

ಮುಂದಿನ ದಸರಾಕ್ಕೆ ನಾನು ರಜೆ ಹಾಕಿ ಹೋದೆ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಜಾಲರಿ ಇದ್ದ ಕಡೆಯೇ ಇತ್ತು, ಅರಿಶಿನ ಕುಂಕುಮ ಅದರ ಮೇಲೇ. ಬಾಬಾಯಿ ಒಳಗೆ ಬರಲೊಲ್ಲದೆ ಅಂಗಳದಲ್ಲಿ ಟೈರಿನ ಮೇಲೆ ಕಾಲು ಮಡಚಿ ಕೂತಿದ್ದರು. ಭಾವ ಹೋಗಿ ಕೈಹಿಡಿದು ಎಬ್ಬಿಸಿದರು. “ಬನ್ನಿ ಬಾಬಾಯಿ, ಈ ಸಲ ಕಾಯಿ ನೆಲಕ್ಕೆ ಒಡೆಯೋದು. ಒಡೆಯೋದೂ ನೀವೇ.” ಹೊಸಿಲಲ್ಲಿ ಬಾಬಾಯಿ ಒಡೆದರು. ಹೋಳುಗಳು ನನ್ನ ಕಾಲವರೆಗೂ ಹಾರಿದವು.

ಮಂಗಳಾರತಿ ಮುಗಿಯಿತು. ಓನರು ಹೂವು ಮುಡಿಸಿದ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟರು.

“ಎಲ್ರೂ ಕೈ ಎತ್ತಿ!” ಎಂದು ಭಾವ ಕೂಗಿದರು, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ.

ವೆಲ್ಡಿಂಗಿನವರು, ಪೇಂಟಿನವರು, ಪುರೋಹಿತರು, ಎಲ್ಲರೂ ನಗುತ್ತ ಎರಡೂ ಕೈ ಮೇಲೆತ್ತಿದರು. ಭಾವನ ಬಲಗೈಯೂ ಮೇಲೆ ಹೋಯಿತು, ಮೂರು ಬೆರಳಿನದು. ಓನರು ಸ್ವಿಚ್ ಎಳೆಯುವ ಮೊದಲು ಎಲ್ಲ ಕೈಗಳನ್ನೂ ಒಮ್ಮೆ ನೋಡಿದರು. ಬಾಬಾಯಿ ತಮ್ಮ ಎರಡೂ ಕೈ ಎತ್ತಿದ್ದು ಸಾಲದೆಂದು ಒಂದು ಕಾಲನ್ನೂ ಎತ್ತಿ ನಿಂತಿದ್ದರು.

ನಾನು ಇವತ್ತಿಗೂ ಯಾವ ಮಿಷನ್ ಶುರುವಾಗುವ ಸದ್ದು ಕೇಳಿದರೂ ಸುತ್ತಲಿನವರ ಕೈ ಎಲ್ಲಿದೆ ಎಂದು ಹುಡುಕುತ್ತೇನೆ. ನೀವು ಅಥವಾ ನಿಮ್ಮ ಮನೆಯವರು ಶೆಡ್ಡಿನಲ್ಲೋ ಗಿರಣಿಯಲ್ಲೋ ಕೆಲಸ ಮಾಡಿದ್ದರೆ, ಅಲ್ಲಿ ಆಯುಧ ಪೂಜೆ ಹೇಗೆ ನಡೆಯುತ್ತಿತ್ತು? ಜಾಲರಿ ಬಿಚ್ಚುತ್ತಿದ್ದರೇ? ಯಾರಿಗಾದರೂ ಗಾಯವಾದಾಗ ತಪ್ಪು ಯಾರ ಕಾಲಿನ ಮೇಲೆ ಬಿತ್ತು? ಕೆಳಗೆ ಬರೆಯಿರಿ, ಎರಡೇ ಸಾಲಾದರೂ ಸರಿ. ನಾನು ಒಂದೂ ಬಿಡದೆ ಓದುತ್ತೇನೆ.